ಭಾನುವಾರದ ಅಣ್ಣ

ಬೆಳಿಗ್ಗೆ ಕಿಟಕಿ ತೆಗೆದರೆ ಪಕ್ಕದ ಕಣದಲ್ಲಿ ಒಣಗುತ್ತಿದ್ದ ಕಾಫಿ ಹಣ್ಣಿನ ಹುಳಿವಾಸನೆ ಒಳಗೆ ನುಗ್ಗಿತು. ನಿಮಗೆ ಅದು ಹಿತವೆನಿಸಬಹುದು. ನನಗೆ ಇವತ್ತಿಗೂ ಪಿತ್ತ ನೆತ್ತಿಗೇರುತ್ತದೆ.

ಅಕ್ಕ ಗಿರಿಜಾಳನ್ನು ಸೋಮವಾರಪೇಟೆ ಕಡೆಯ ಎಸ್ಟೇಟ್ ಮಾಲೀಕರಿಗೆ ಕೊಟ್ಟಿದ್ದರು. ನನ್ನ ಕೈಹಿಡಿದವರು ಅದೇ ಎಸ್ಟೇಟಿನ ರೈಟರ್. ಆಳುಗಳ ಹಾಜರಿ, ಹಣ್ಣು ಕೊಯ್ಯುವ ಪಿಕ್ಕಿಂಗ್, ಗೊಬ್ಬರ ಎಲ್ಲ ಇವರದೇ ಉಸ್ತುವಾರಿ. ಅಕ್ಕತಂಗಿಯರು ಒಂದೇ ತೋಟದಲ್ಲಿರುತ್ತಾರೆಂದು ಅಪ್ಪ ಹಿಗ್ಗಿದ್ದೇ ಹಿಗ್ಗು.

ಇವರಿಗೆ ಭಾವ ಭಾನುವಾರ ‘ಅಣ್ಣ’, ಸೋಮವಾರ ‘ಸರ್’. ಭಾನುವಾರ ಷಡ್ಡಕರಿಬ್ಬರೂ ಬಂಗಲೆಯಲ್ಲಿ ಒಟ್ಟಿಗೆ ಉಂಡು ಎಲೆಅಡಿಕೆ ಹಾಕುತ್ತಿದ್ದರು. ಮರುದಿನ ಅದೇ ಬಂಗಲೆಯ ಮೆಟ್ಟಿಲ ಕೆಳಗೆ ಇವರು ಕೈಕಟ್ಟಿ ನಿಂತಿರುತ್ತಿದ್ದರು. ವಾರದ ನಡುವೆ ನಾನು ಹೋಗುವುದಾದರೆ ಹಿತ್ತಿಲ ಬಾಗಿಲಿಂದ ಹೋಗಬೇಕು. ಹಾಗೆಂದವಳು ನನ್ನ ಒಡಹುಟ್ಟಿದ ಅಕ್ಕನೇ. “ಬೇಜಾರ್ ಮಾಡ್ಕಬೇಡ ಕಣೇ, ಆಳುಗಳು ನೋಡ್ತಾರೆ.”

ಹೋಗಲಿ, ಆಳುಗಳ ಲೈನ್‌ಮನೆಯ ಹೆಂಗಸರಾದರೂ ನನ್ನನ್ನು ಸೇರಿಸಿಕೊಂಡರೇ? ನಾನು ಹತ್ತಿರ ಸುಳಿದರೆ ಮಾತು ನಿಲ್ಲುತ್ತಿತ್ತು. ಅವರ ಪಾಲಿಗೆ ನಾನು ಮಾಲೀಕರ ನಾದಿನಿ. ಅಂಗಡಿಯಲ್ಲಿ ಮಾತ್ರ ಹಾಗೆ ಕರೆಸಿಕೊಳ್ಳಲು ನನಗೇನೂ ಅಭ್ಯಂತರವಿರಲಿಲ್ಲ ಅನ್ನಿ; ಸಾಮಾನು ಬೇಗ ಸಿಗುತ್ತಿತ್ತು.

ಒಂದು ವರ್ಷ ಸಂಕ್ರಾಂತಿ ವಾರದ ನಡುವೆ ಬಂತು. ಅಕ್ಕ ಹಬ್ಬದೂಟಕ್ಕೆ ಕರೆದಿದ್ದಳು. ಇವರು ಮಧ್ಯಾಹ್ನ ಕೆಲಸ ಮುಗಿಸಿ, ಶರ್ಟು ಬದಲಿಸಿ ಬಂದರು. ಒಳಗೆ ಭಾವನ ಜೊತೆ ಮಡಿಕೇರಿಯ ಅತಿಥಿಗಳು ಊಟಕ್ಕೆ ಕೂತಿದ್ದರು. ಇವತ್ತು ಯಾವ ವಾರವೆಂದು ಯಾರಾದರೂ ಹೇಳಲಿ ಎಂಬಂತೆ ಇವರು ಹೊಸ್ತಿಲಲ್ಲೇ ನಿಂತರು.

“ಏನ್ ರೈಟ್ರೇ, ಇವತ್ತಿನ ಪಿಕ್ಕಿಂಗ್ ಮುಗೀತಾ?” ಎಂದರು ಭಾವ.

“ಮುಗೀತು ಸರ್” ಎಂದು ಇವರು ತಿರುಗಿ ಹೊರಟೇಬಿಟ್ಟರು.

ಪೊಂಗಲ್ ಬಡಿಸುತ್ತಿದ್ದ ನನಗೆ ತಡೆಯಲಾಗಲಿಲ್ಲ. “ಭಾವ, ಇವರು ಬಂದಿದ್ದು ಊಟಕ್ಕೆ” ಎಂದೆ. ಇವರು ನಿಮಗೆ ಏನಾಗಬೇಕು ಎಂದು ಅತಿಥಿಯೊಬ್ಬರು ಕೇಳಿದರು. ಭಾವ ಬಾಯಲ್ಲಿದ್ದ ತುತ್ತು ನುಂಗಿ, ಷಡ್ಡಕ ಎಂದರು. ಇವರು ಬಂದು ಕೂತು, ತಲೆಯೆತ್ತದೆ ಉಂಡರು.

ಗೆದ್ದೆನೆಂದು ನಾನು ಬೀಗುತ್ತಿದ್ದರೆ, ಮನೆಯ ದಾರಿಯಲ್ಲಿ ಇವರು ನನ್ನ ಮೇಲೇ ಹರಿಹಾಯ್ದರು. “ಸರ್ ಅಂದ್ರೆ ಬರೀ ಕೆಲಸ. ಅಣ್ಣ ಅಂದ್ರೆ ಹಂಗು. ಊಟ ಹಾಕ್ಸಿದ್ದು ನೀನು, ಹಂಗಿಗೆ ಬಿದ್ದಿದ್ದು ನಾನು.”

ಆ ವರ್ಷದ ಪಿಕ್ಕಿಂಗ್ ಮುಗಿದದ್ದೇ ಸುಂಟಿಕೊಪ್ಪದ ಹತ್ತಿರ ಬೇರೆ ಎಸ್ಟೇಟಿಗೆ ಸೇರಿದರು. ಅಲ್ಲಿ ಏಳು ದಿನವೂ ಸರ್, ಇವರಿಗೆ ನೆಮ್ಮದಿ. ಅತಿಥಿಗಳೆದುರು ಗಂಡನ ಮಾನ ತೆಗೆದೆನೆಂದು ನನ್ನೊಡನೆ ಅಕ್ಕ ವರ್ಷಗಟ್ಟಲೆ ಮಾತು ಬಿಟ್ಟಳು. ಯಾರ ಪರವಾಗಿ ಬಾಯಿಬಿಟ್ಟೆನೋ ಅವರೂ ಮೆಚ್ಚಲಿಲ್ಲ, ಇದ್ದ ಅಕ್ಕನೂ ದೂರವಾದಳು.

ಈಗ ಅಕ್ಕ-ಭಾವನ ತೋಟವನ್ನು ಅವರ ಮಗ ನೋಡಿಕೊಳ್ಳುತ್ತಾನೆ. ಭಾವನ ಸಲಹೆ ಅವನಿಗೆ ಬೇಡ. ಹಾಗಾಗಿ ಭಾವ ಬೇಸರವಾದಾಗಲೆಲ್ಲ ನಮ್ಮಲ್ಲಿಗೆ ಬಂದು, ಸೀದಾ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಮೆಣಸಿನ ಬಳ್ಳಿಯ ರೋಗದ ಬಗ್ಗೆ ಇವರನ್ನು ಕೇಳುತ್ತಾರೆ. ಇವತ್ತೂ ಬಂದಿದ್ದಾರೆ, ಈ ಸಲ ಅಕ್ಕ ಕೊಟ್ಟ ಕಿತ್ತಳೆಯ ಚೀಲದೊಂದಿಗೆ.

“ಇನ್ನಾದ್ರೂ ಆ ಸರ್ ಬಿಡಯ್ಯ” ಎಂದರು ಈಗಷ್ಟೇ.

“ಆಗ್ಲಿ ಸರ್” ಎಂದರು ಇವರು.

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ನನಗೂ ಒಂದು ಲೋಟ ಕಾಫಿ ಬಗ್ಗಿಸಿಕೊಂಡು ಅವರಿಬ್ಬರ ನಡುವೆ ಕೂತೆ.