ಮೂಕಣ್ಣನಿಗೆ ಯಾರು ಉಣಿಸಬೇಕು

ಕಂಪ್ಲಿಯ ನೀಲಗಂಗಮ್ಮನಿಗೆ ಸಾವಿನ ಹೆದರಿಕೆ ಇರಲಿಲ್ಲ. ತಾನು ಸತ್ತ ಮರುದಿನ ಮೂಕಣ್ಣನಿಗೆ ಯಾರು ಉಣಿಸುತ್ತಾರೆ ಎಂಬುದೊಂದೇ ಹೆದರಿಕೆ. ಮೂಕಣ್ಣ ಆಕೆಯ ಕಿರಿಯ ಮಗ. ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಮಾತ್ರ ಅಂಗಳದಲ್ಲಿ ಆಡುವ ಕೂಸಿನದು. ಅವನ ಮುಖ ತೊಳೆಸಿ, ಹಣೆಗೆ ವಿಭೂತಿ ಹಚ್ಚಿ, ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಡಬೇಕು. ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು ಆ ನೀರನ್ನೂ ಕುಡಿಸಬೇಕು. ಪ್ರಸಾದದ ಒಂದಗುಳೂ ನೆಲಕ್ಕೆ ಬೀಳಬಾರದು ಎನ್ನುವ ಮನೆತನ ಅದು. ಹಾಗಾಗಿಯೇ ಮಗ ತಾಟಿಗೆ ಕೈ ಚಾಚಿದಾಗಲೆಲ್ಲ "ನೀ ಚೆಲ್ಲತೀಯಪ್ಪಾ" ಎಂದು ಆಕೆ ಅವನ ಕೈ ಸರಿಸುತ್ತಿದ್ದಳು. ಸರಿಸಿ ಸರಿಸಿ, ಅವನು ಚಾಚುವುದನ್ನೇ ಬಿಟ್ಟ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಊರು ನಗುತ್ತಿತ್ತು. ನಗಲಿ ಬಿಡಿ, ಊರಿಗೇನು, ಎಲುಬಿಲ್ಲದ ನಾಲಿಗೆ. ನಕ್ಕವರಲ್ಲಿ ಒಬ್ಬರಾದರೂ ಬಂದು ಅವನಿಗೆ ಒಂದು ಹೊತ್ತು ಉಣಿಸಿದ್ದುಂಟೇ?

ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ ಬಾಳೆತೋಟದ ಬದುವಿನ ಮೇಲೆ ಆಕೆ ಎದೆ ಹಿಡಿದುಕೊಂಡು ಕುಸಿದಳು. ಬಳ್ಳಾರಿಯ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ, ಹೃದಯ ಸೋತಿದೆ, ಇಂದೋ ನಾಳೆಯೋ ಹೇಳಲಾಗದು ಎಂದರು. ಕಾಲುವೆ ಬಂದ ಮೇಲೆ ಆ ಮನೆಗೆ ಯಾವುದರ ಕೊರತೆಯೂ ಇರಲಿಲ್ಲ. ಎರಡು ಬೆಳೆ ಭತ್ತ, ಬಾಳೆ, ಹೊಸಪೇಟೆಯಲ್ಲಿ ಹಿರಿಯ ಮಗ ಚನ್ನಯ್ಯನ ಕಿರಾಣಿ ಅಂಗಡಿ. ತಮ್ಮನನ್ನು ಬೀದಿಗೆ ಬಿಡುವವನಲ್ಲ ಚನ್ನಯ್ಯ. ಆದರೆ ಹಗಲೆಲ್ಲ ಅಂಗಡಿಯಲ್ಲಿ ಕೂತವನು ತುತ್ತು ಮಾಡಿ ಬಾಯಿಗಿಟ್ಟಾನೆಯೇ? ಆ ಕೆಲಸ ಬೀಳುವುದು ಅವನ ಹೆಂಡತಿ ಮರುಳಸಿದ್ದಮ್ಮನ ಮೇಲೆ. ಆಕೆಯೋ, ಅಬ್ಬಾ, ಬಾಯಿ ತೆರೆದರೆ ಮೆಣಸಿನಕಾಯಿ. ಅತ್ತೆಗೂ ಸೊಸೆಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಬೇರೆ ದಾರಿ ಇರಲಿಲ್ಲ. ನೀಲಗಂಗಮ್ಮ ಅಭಿಮಾನ ನುಂಗಿಕೊಂಡು, ಮೂಕಣ್ಣನನ್ನು ಕರೆದುಕೊಂಡು ಹೊಸಪೇಟೆಗೆ ಹೋಗಿ ಸೊಸೆಯನ್ನೇ ಕೇಳಿದಳು. ಸೊಸೆ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಈಗ್ಲೇ ಬಿಟ್ಟು ಹೋಗ್ರಿ ಅತ್ತಿ. ನೀವು ಹ್ವಾದ ಮ್ಯಾಲೆ ತಂದು ಬಿಟ್ರ ನನ್ ಕೈಲಿ ಆಗಂಗಿಲ್ಲ. ಆದ್ರ ನಾ ಹೇಳಿ ಕಳಸೋತನಕ ಈ ಕಡೆ ಬರಬ್ಯಾಡ್ರಿ."

ನೀಲಗಂಗಮ್ಮ ಒಪ್ಪಿ, ಮಗನನ್ನು ಅಲ್ಲೇ ಬಿಟ್ಟು ಕಂಪ್ಲಿಗೆ ಮರಳಿದಳು. ಮೂರನೆಯ ದಿನ, ಚನ್ನಯ್ಯನ ಅಂಗಡಿಗೆ ಬಾಳೆಗೊನೆ ಹಾಕಿ ಬಂದ ತೋಟದ ಆಳು ಹನುಮಣ್ಣ ಬಾಗಿಲಲ್ಲಿ ನಿಂತು, ನಿಮ್ಮ ಮೂಕಣ್ಣ ಅಲ್ಲಿಗೆ ಹೋದಾಗಿನಿಂದ ಒಂದು ತುತ್ತೂ ಉಂಡಿಲ್ಲವಂತೆ, ಬರೀ ನೀರು ಕುಡಿಯುತ್ತಾನಂತೆ ಎಂದ. ಕೊಟ್ಟ ಮಾತು ಸುಡಲಿ ಎಂದು ನೀಲಗಂಗಮ್ಮ ಸಿಕ್ಕ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಸೊಸೆಗೆ ಹಿಡಿಶಾಪ. ಎದೆ ಢವಗುಟ್ಟುತ್ತಿತ್ತು, ಹೊಸಪೇಟೆ ಮುಟ್ಟುವವರೆಗಾದರೂ ನಿಲ್ಲಬೇಡವೆಂದು ವಿರೂಪಾಕ್ಷನಿಗೆ ಕೈ ಮುಗಿದಳು.

ಮುಂಬಾಗಿಲಿಂದ ಹೋದರೆ ಸೊಸೆ ತಡೆದಾಳೆಂದು ಹಿತ್ತಲ ಓಣಿಯಿಂದ ಬಂದಳು. ಬಾಗಿಲು ಅರೆ ತೆರೆದಿತ್ತು. ಒಳಗೆ ಮೂಕಣ್ಣ ಗೋಡೆಗೆ ಒರಗಿ ಕೂತಿದ್ದ, ಮುಂದೆ ಅನ್ನ ಸಾರಿನ ತಾಟು. ಎದುರಿಗೆ ಮರುಳಸಿದ್ದಮ್ಮ ಕೂತಿದ್ದಳು. ಆಕೆಯ ಮುಂದೆಯೂ ತಾಟು, ಅದನ್ನೂ ಮುಟ್ಟಿರಲಿಲ್ಲ. ಮುಖ ಬಾಡಿ ತುಟಿ ಒಣಗಿತ್ತು.

"ನಿನ್ನ ಕೈಲೆ ನೀ ಉಂಡ್ರ ನಾ ಉಣತೀನಿ ಮೂಕಣ್ಣಾ. ಮೂರು ದಿನ ಆತು. ನನಗೂ ಹಸಿವಾಗೇತಪ್ಪ."

ನೀಲಗಂಗಮ್ಮ ಬಾಗಿಲು ಹಿಡಿದುಕೊಂಡಳು. ಹಾಳಾದವಳೇ, ಇದನ್ನು ಒಂದು ಮಾತು ಹೇಳಿ ಕಳಿಸಬಾರದಿತ್ತೇ!

ಮೂಕಣ್ಣ ಅಳುತ್ತಲೇ ತಾಟಿಗೆ ಕೈ ಹಾಕಿದ. ಮುಷ್ಟಿಯಲ್ಲಿ ಎತ್ತಿದ ಅನ್ನ ಅರ್ಧ ದಾರಿಯಲ್ಲೇ ನೆಲಕ್ಕೆ ಬಿತ್ತು. ಅವನು ಬೆದರಿ ಕೈ ಹಿಂದೆಗೆದ. ಸೊಸೆ ಬೈಯಲಿಲ್ಲ. ಬಗ್ಗಿ, ಚೆಲ್ಲಿದ ಅಗುಳನ್ನೆಲ್ಲ ಆರಿಸಿ ತನ್ನ ಬಾಯಿಗೆ ಹಾಕಿಕೊಂಡಳು. ಪ್ರಸಾದ ಕೆಡಲಿಲ್ಲ. ಇಷ್ಟು ಸುಲಭದ ದಾರಿ ತನಗೆ ಮೂವತ್ತು ವರ್ಷ ಹೊಳೆಯಲಿಲ್ಲವಲ್ಲ ಎಂದು ನೀಲಗಂಗಮ್ಮನ ಹೊಟ್ಟೆ ಉರಿಯಿತು. ಮೂಕಣ್ಣ ಮತ್ತೆ ಕೈ ಹಾಕಿದ. ತಾಯಿಗೆ ತಡೆಯಲಾಗಲಿಲ್ಲ, "ಮಗಾ" ಎನ್ನುತ್ತ ಒಳಗೆ ಬಂದಳು.

ಅವ್ವನನ್ನು ಕಂಡದ್ದೇ ತಡ, ಮೂಕಣ್ಣನ ಕೈ ತಾಟಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಅವನು ನಕ್ಕು, ಬಾಯಿ ತೆರೆದು ಕೂತ.

ಮರುಳಸಿದ್ದಮ್ಮ ಗೋಡೆ ಹಿಡಿದು ಎದ್ದಳು. "ಉಣಸ್ರಿ ಅತ್ತಿ. ಉಣಿಸಿ, ಸಂಗಾಟ ಕರಕೊಂಡು ಹೋಗ್ರಿ. ಇಲ್ಲಾ, ಉಣಸದ ಹಂಗ ಹೋಗ್ರಿ."

ತಾಯಿಯ ಕೈ ತಾಟಿನವರೆಗೆ ಹೋಗಿ ನಿಂತಿತು. ತೆರೆದ ಬಾಯಿ ಕಾಯುತ್ತಿತ್ತು. ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ನಡೆದಳು. ಹಿಂದಿನಿಂದ "ಅವ್ವಾ" ಎಂಬ ಕೂಗು ಓಣಿಯ ತಿರುವಿನವರೆಗೂ ಬಂತು.

ಡಾಕ್ಟರ ಮಾತು ಸುಳ್ಳಾಯಿತು. ನೀಲಗಂಗಮ್ಮ ಮುಂದೆ ಬಹಳ ವರ್ಷ ಬದುಕಿದಳು. ಸೊಸೆ ಹೇಳಿ ಕಳಿಸಿದ ಮೇಲೆ ಹೊಸಪೇಟೆಗೂ ಹೋಗಿಬರುತ್ತಿದ್ದಳು. ಮೂಕಣ್ಣ ಈಗ ತಾನೇ ಉಣ್ಣುತ್ತಾನೆ, ತಾಟನ್ನೂ ತಾನೇ ತೊಳೆದು ಕುಡಿಯುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ಆಕೆ ಮಾತ್ರ ಅದನ್ನು ಕಣ್ಣಾರೆ ಕಾಣಲಿಲ್ಲ. ಒಳಗೆ ಅನ್ನ ಬಸಿಯುವ ವಾಸನೆ ಬಂದ ಕೂಡಲೇ ಚಪ್ಪಲಿ ಮೆಟ್ಟಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಡುತ್ತಿದ್ದಳು.