ಪಾಣಿಪತ್ತಿನಲ್ಲಿ ಮರಾಠರನ್ನು ಗೆಲ್ಲಿಸಿದ್ದು

ಮಿತ್ರರೇ, ಮೂರನೇ ಪಾಣಿಪತ್ ಯುದ್ಧವನ್ನು ಮರಾಠರು ಇಂದು ಬೆಳಿಗ್ಗೆ ಡೊಂಬಿವಲಿಯ ಶಾಲೆಯೊಂದರಲ್ಲಿ ಹೆಚ್ಚುಕಮ್ಮಿ ಗೆದ್ದರೆಂದು ಘೋಷಿಸಲು ಹೆಮ್ಮೆಪಡುತ್ತೇನೆ. ಗೆಲ್ಲಿಸಿದವನು ನಾನೇ.

ಲೋಕಲ್ ಟ್ರೇನಿನಲ್ಲೂ ಮನೆಯಲ್ಲೂ ನಾನು ಓದುತ್ತಿರುವುದು ಒಂದು ಮರಾಠಿ ಕಾದಂಬರಿ ಮಾಲೆ. ಚರಿತ್ರೆಯಲ್ಲಿ ಸೋತವರೆಲ್ಲ ಅದರಲ್ಲಿ ಗೆಲ್ಲುತ್ತಾರೆ. ಬರೆದ ಮಹಾಶಯರಿಗೆ ದಣಿವೆಂಬುದಿಲ್ಲ. ನಾನೀಗ ಹದಿನಾಲ್ಕನೇ ಭಾಗದಲ್ಲಿದ್ದೇನೆ, ಮರಾಠರು ಕಾಬೂಲಿನಲ್ಲಿದ್ದಾರೆ. ಏಳನೇ ಕ್ಲಾಸಿನ ಮಗಳು ಪರೀಕ್ಷೆಗೆ ಓದುತ್ತಾ, ಪಾಣಿಪತ್ತಿನಲ್ಲಿ ಗೆದ್ದವರು ಯಾರು, ಆಮೇಲೇನಾಯಿತು ಎಂದು ಕೇಳಿದಾಗ ಪುಸ್ತಕದಿಂದ ತಲೆಯೆತ್ತದೆ ಅದರಲ್ಲಿದ್ದುದನ್ನೇ ಹೇಳಿಬಿಟ್ಟಿದ್ದೆ.

ಇಂದು ಪೇರೆಂಟ್ಸ್ ಮೀಟಿಂಗ್. "ಪಪ್ಪಾ, ತುಮ್ಹೀಚ್ ಸಾಂಗಿತ್ಲಂ ನಾ!" ನೀವೇ ಹೇಳಿದ್ದಲ್ವಾ ಎಂದು ಮಗಳು ಎಲ್ಲರೆದುರು ನನ್ನನ್ನು ಹಿಡಿದುಕೊಟ್ಟಳು. ಐದು ಮಾರ್ಕಿನ ಪ್ರಶ್ನೆಗೆ ಅವಳು ಬರೆದಿದ್ದು ನನ್ನ ಉತ್ತರವನ್ನೇ. ಹಿಸ್ಟರಿ ಟೀಚರ್ ಮರಾಠರ ಹಳೆಯ ರಾಜಧಾನಿ ಸಾತಾರಾ ಕಡೆಯವರು. ಕೆಂಪು ಪೆನ್ನು ಹಿಡಿದು ಉತ್ತರವನ್ನು ಮತ್ತೆ ಮತ್ತೆ ಓದಿದರು.

"ಉತ್ತರ ತಪ್ಪು, ಸರ್. ಆದರೆ ಅಡ್ಡಗೆರೆ ಎಳೆಯಲು ಕೈ ಬರ್ತಿಲ್ಲ."

ಕೊನೆಗೆ ಪೆನ್ನಿನ ಮುಚ್ಚಳ ಹಾಕಿದರು. "ಮಾರ್ಕು ಸೋಮವಾರ ನೋಡೋಣ. ಅಷ್ಟರಲ್ಲಿ ಆ ಮಾಲೆಯ ಮೊದಲ ಭಾಗ ಓದಲು ಸಿಗುತ್ತಾ?"

ನನ್ನ ಮೊದಲ ಭಾಗವನ್ನು "ಎರಡೇ ದಿನ" ಎಂದು ಹೋದ ವರ್ಷ ಒಯ್ದ ವಾಶಿಯ ಮಿತ್ರರೇ, ನೀವು ಇದನ್ನು ಓದುತ್ತಿದ್ದೀರೆಂದು ಗೊತ್ತು. ದಯವಿಟ್ಟು ಭಾನುವಾರದೊಳಗೆ ತಲುಪಿಸಿ.