ಜೀಪಿನ ಹುಟ್ಟಿದ ದಿನ ಹುಡುಕುತ್ತ ಕಾಗವಾಡಕ್ಕೆ

ಬೆಳಿಗ್ಗೆ ಆರಕ್ಕೆ ನಿಪ್ಪಾಣಿ ಬಿಟ್ಟೆವು. ನಾನು, ನನ್ನ ಹಳೆಯ ಜೀಪು, ಗುಜರಿಯಲ್ಲಿ ಬಿದ್ದಿದ್ದ ಅದಕ್ಕೆ ಎರಡು ವರ್ಷ ಕೂತು ಜೀವ ತುಂಬಿದ ಮೆಕ್ಯಾನಿಕ್ ಮೆಹಬೂಬ ಚಾಚಾ. ಹಿಂದಿನ ವಾರ ಹಳೆಯ ಗಾಡಿಗಳ ಪ್ರದರ್ಶನದಲ್ಲಿ ಪರೀಕ್ಷಕರೊಬ್ಬರು ಜೀಪಿನ ಮುಂದಿನ ಗ್ರಿಲ್ಲಿನ ಜಾಳಿಗೆ ನೋಡಿ ನಕ್ಕಿದ್ದರು. ಕಬ್ಬಿಣದ ಪಟ್ಟಿ ಬೆಸೆದ ಇಂಥ ಜಾಳಿಗೆ ಮೊಟ್ಟಮೊದಲು ತಯಾರಾದ ಜೀಪುಗಳಿಗಷ್ಟೇ ಇತ್ತು. "ಇದನ್ನು ನಿಮ್ಮ ಮೆಕ್ಯಾನಿಕ್ಕೇ ಬೆಸೆದಿರಬೇಕು" ಅಂದುಬಿಟ್ಟರು. ಐವತ್ತು ವರ್ಷ ಪಾನಾ-ಸ್ಪ್ಯಾನರು ಹಿಡಿದ ಮನುಷ್ಯನಿಗೆ ಖೋಟಾ ಅಂದ ಹಾಗೆ! ನನಗೆ ಮೈಯೆಲ್ಲ ಉರಿದಿತ್ತು. ಜೀಪು ಆ ಮೊದಲ ಸಾಲಿನದೇ ಎಂದು ತೋರಿಸಲು ಅದು ತಯಾರಾದ ದಿನ ಬೇಕಿತ್ತು.

ಆರ್‌ಸಿ ಪುಸ್ತಕದಲ್ಲಿ ನೋಂದಣಿಯ ವರ್ಷವಿತ್ತೇ ಹೊರತು ಜೀಪು ತಯಾರಾದ ದಿನವಿರಲಿಲ್ಲ. ಅದು ಇರುವುದು ಸ್ಟೇರಿಂಗ್ ಮುಂದಿನ ಹಲಗೆಗೆ ಹೊಡೆದ ಪುಟ್ಟ ತಗಡಿನ ಮೇಲೆ. ನಮ್ಮ ಜೀಪಿನಲ್ಲಿ ಆ ಜಾಗದಲ್ಲಿ ನಾಲ್ಕು ತೂತು ಮಾತ್ರ. ಹಿಂದಿನ ಮಾಲೀಕರನ್ನು ಒಬ್ಬೊಬ್ಬರಾಗಿ ಹುಡುಕುವುದೊಂದೇ ದಾರಿ.

ಚಿಕ್ಕೋಡಿಯಲ್ಲಿ ಮಿಸಳ ತಿಂದೆವು. ಮುಂದೆ ದಾರಿಯುದ್ದ ಕಬ್ಬಿನ ಟ್ರ್ಯಾಕ್ಟರು. ಸ್ಟೇರಿಂಗ್ ಹಿಡಿದ ನಾನು ಒಂದನ್ನು ದಾಟಿದರೆ ಇನ್ನೊಂದು. ರಾಯಬಾಗ ಹಿಂದೆ ಹಾಕಿ ಪಾಲಬಾವಿ ಮುಟ್ಟಿದಾಗ ಬಿಸಿಲು ಏರಿತ್ತು. ಅಲ್ಲಿ ಮೊದಲು ಈ ಜೀಪು ಇಟ್ಟುಕೊಂಡಿದ್ದ ರೈತರು, "ನಾ ಸತ್ತಿ ಊರವರ ಕಡಿಂದ ತಗೊಂಡಾಗೂ ಬರೇ ತೂತ ಇದ್ದೂರಿ" ಎಂದರು. ಕೃಷ್ಣೆ ದಾಟಿ ಸತ್ತಿಗೆ ಹೋದರೆ ಅದೇ ಮಾತು. ಆದರೆ ಅಲ್ಲಿನ ಹಳೆಯ ಮಾಲೀಕರು ಒಂದು ಹೆಸರು ಕೊಟ್ಟರು: ಕಾಗವಾಡದ ಸುಶೀಲವ್ವ. ಮಿಲಿಟರಿ ಹರಾಜಿನಲ್ಲಿ ಈ ಜೀಪು ಹಿಡಿದವರು ಅವರ ಯಜಮಾನರಂತೆ.

ಅಥಣಿಯಲ್ಲಿ ಚಾಚಾ ಊಟ ಬೇಡ ಎಂದು ಕೂತರು. "ಅಲ್ಲೂ ಸಿಗಲಿಲ್ಲಂದ್ರ ಬಿಟ್ಟಬಿಡೂಣು ಬೇಟಿ. ಮೆಹಬೂಬ ಖೋಟಾ ಮಾಡ್ಯಾನ ಅಂತನ ಇರಲಿ."

"ಸುಮ್ನ ರೊಟ್ಟಿ ತಿನ್ರಿ ಚಾಚಾ" ಎಂದು ರೇಗಿದೆ. ತಿಂದರು.

ಸುಶೀಲವ್ವ ದ್ರಾಕ್ಷಿ ಚಪ್ಪರದ ನೆರಳಲ್ಲಿದ್ದರು. ತಗಡಿನ ಸುದ್ದಿ ಎತ್ತಿದ್ದೇ ತಡ, "ಅದನ್ನ ನಾವ ಬಿಚ್ಚಿ ಇಟಗೊಂಡೇವಿ" ಎಂದರು. ಯಾಕೆಂದು ಕೇಳಿದೆ.

"ಎತ್ತ ಮಾರಿದ್ರ ಹಗ್ಗ ಕೊಡತಾರೇನ ಯವ್ವಾ? ಹಗ್ಗದ ಕೂಡ ಮನಿ ಲಕ್ಷ್ಮೀನೂ ಹೋಗತಾಳ. ಜೀಪಿಗೆ ಹಗ್ಗ ಎಲ್ಲಿಂದ ತರೂದು? ನಮ್ಮನಿಯವ್ರು ಆ ತಗಡನ್ನ ಇಟಗೊಂಡ್ರು."

ದೇವರ ಮನೆಯಿಂದ ತಗಡು ತಂದರು. ವರ್ಷವರ್ಷದ ಖಂಡೇನವಮಿ ಆಯುಧಪೂಜೆಯ ಅರಿಶಿನ ಕುಂಕುಮ ಅದರ ಮೇಲೆ ಗಟ್ಟಿಯಾಗಿತ್ತು. ಅವರನ್ನು ಕೇಳಿಯೇ ಚಾಚಾ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ಒರೆಸಿದರು. ಮೊದಲು ನಂಬರು ಕಂಡಿತು. ಚಾಸಿಯ ಮೇಲಿದ್ದ ನಂಬರಿನ ಜೊತೆ ಒಂದೊಂದೇ ಅಂಕಿ ತಾಳೆ ನೋಡಿದೆ, ಒಂದೂ ತಪ್ಪಲಿಲ್ಲ. ಕೆಳಗೆ ತಾರೀಖು. ಪಟ್ಟಿ ಜಾಳಿಗೆ ಬರುತ್ತಿದ್ದ ಆ ಮೊದಲ ತಿಂಗಳುಗಳದ್ದೇ. ನನಗೆ ಕುಣಿಯುವಷ್ಟು ಖುಷಿ. ಚಾಚಾ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡರು.

ತಗಡು ಆ ಮನೆಯ ಲಕ್ಷ್ಮಿ, ನಾವು ಕೇಳಲಿಲ್ಲ. ಫೋಟೊ ತೆಗೆದುಕೊಂಡು ಪರೀಕ್ಷಕರಿಗೆ ಫೋನು ಹಚ್ಚಿ ಚಾಚಾ ಕೈಗೆ ಕೊಟ್ಟೆ.

"ಸಾಹೇಬ್ರ, ನಾ ಮೆಹಬೂಬ, ಮೆಕ್ಯಾನಿಕ್. ಪೆನ್ನ ತಗೋರಿ." ನಂಬರು, ತಾರೀಖು ಬಿಡಿಬಿಡಿಯಾಗಿ ಹೇಳಿದರು. "ಬರಕೊಂಡ್ರಿ? ಈಗ ನೀವ ಓದ್ರಿ, ನಾ ಕೇಳತೀನಿ."

ಆ ಕಡೆಯವರು ಪೂರ್ತಿ ಓದಿದರು. ಚಾಚಾ ಫೋನು ನನಗೆ ಕೊಟ್ಟು, ಜೀಪಿನ ಕೀಲಿಗೆ ಕೈ ಚಾಚಿದರು. ನಿಪ್ಪಾಣಿ ಬರುವವರೆಗೂ ಸ್ಟೇರಿಂಗ್ ನನಗೆ ಕೊಡಲಿಲ್ಲ.